ಕತ್ತರಿಯಕ್ಕನ ಗಂಡು ಆಯಾ

ಕತ್ತರಿಯಕ್ಕನಿಗೆ ಸೊಂಟ ಕೈಕೊಟ್ಟಿದ್ದು ಐವತ್ತೈದನೆಯ ವಯಸ್ಸಿನಲ್ಲಿ. ಕೋಟಿನ ಬಟ್ಟೆಯ ಥಾನು ಇಳಿಸಿಕೊಳ್ಳಲು ಅಂಗಡಿಯ ಏಣಿ ಹತ್ತಿದ್ದಳು. ಏಣಿ ಜಾರಿತು, ಬೆನ್ನುಮೂಳೆ ಮುರಿಯಿತು. ಅಲ್ಲಿಂದಾಚೆಗೆ ಸೊಂಟದ ಕೆಳಗಿನದೆಲ್ಲ ಇದ್ದೂ ಇಲ್ಲದಂತಾಯಿತು. ಸೊಂಟದ ಮೇಲಿನದು, ಅದರಲ್ಲೂ ಬಾಯಿ, ಮೊದಲಿಗಿಂತ ಜೋರಾಯಿತು ಎಂದು ಬೀದಿಯವರು ಹೇಳುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ.

ಅವಳ ನಿಜವಾದ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಅಪ್ಪನ ಕಾಲದಿಂದ ಗಂಡಸರ ಕೋಟು, ಪ್ಯಾಂಟು ಹೊಲಿಯುವ ಅಂಗಡಿ ಅದು. ಅಪ್ಪ ಕಣ್ಣು ಮುಚ್ಚಿದ ಮೇಲೆ ಅಣ್ಣ ಆಫೀಸು ಕೆಲಸ ಹಿಡಿದ, ಇವಳು ಕತ್ತರಿ ಹಿಡಿದಳು. ಮದುವೆ ಆಗಲಿಲ್ಲ, ಆಗಲಿಲ್ಲವೆಂದು ಕೊರಗಲೂ ಇಲ್ಲ. ಹೆಂಗಸೊಬ್ಬಳು ಅಳತೆ ತೆಗೆಯುತ್ತಾಳೆಂದು ಮೊದಮೊದಲು ಗಿರಾಕಿಗಳು ಬಾಗಿಲಲ್ಲೇ ಹಿಂದೆ ಮುಂದೆ ನೋಡುತ್ತ ನಿಲ್ಲುತ್ತಿದ್ದರು. ಅದಕ್ಕೆ ಅವಳೊಂದು ಪದ್ಧತಿ ಮಾಡಿಕೊಂಡಳು. ಟೇಪು ಎಲ್ಲಿಗೆ ಹೋಗುತ್ತದೋ ಆ ಜಾಗದ ಹೆಸರನ್ನು ಮೊದಲು ಗಟ್ಟಿಯಾಗಿ ಹೇಳುವುದು, ಆಮೇಲೆ ಟೇಪು ಇಡುವುದು. ಭುಜ. ಎದೆ. ಸೊಂಟ. ಒಳಗಾಲು. ಹೇಳಿ ಮುಟ್ಟಿದರೆ ಅಳತೆ, ಹೇಳದೆ ಮುಟ್ಟಿದರೆ ಅದಕ್ಕೆ ಬೇರೆಯೇ ಹೆಸರಿದೆ ಎನ್ನುತ್ತಿದ್ದಳು. ಮೂವತ್ತು ವರ್ಷದಲ್ಲಿ ಒಬ್ಬನೇ ಒಬ್ಬ ಗಿರಾಕಿ ಹಲ್ಲು ಕಿರಿದಿದ್ದ. ಅವನ ಪ್ಯಾಂಟಿನ ಒಂದು ಕಾಲು ಗಿಡ್ಡವಾಗಿಯೇ ಮನೆಗೆ ಹೋಯಿತು.

ಮೂರು ತಿಂಗಳ ಆಸ್ಪತ್ರೆ ವಾಸ ಮುಗಿದಾಗ ಅಣ್ಣ ತನ್ನ ಮನೆಯ ಹಿಂದಿನ ಕೋಣೆ ಖಾಲಿ ಮಾಡಿಸಿದ್ದ. ಇವಳು ನೇರವಾಗಿ ಅಂಗಡಿಗೇ ಬಂದಳು. ಅಂಗಡಿಯ ಹಿಂದೆ ಒಂದು ಕೋಣೆ, ಒಂದು ಬಚ್ಚಲು ಇತ್ತು, ಸಾಕಾಗಿತ್ತು. ಬಡಗಿಯನ್ನು ಕರೆಸಿ ಕಟಿಂಗ್ ಮೇಜಿನ ಕಾಲು ಕೊಯ್ಯಿಸಿ, ಗಾಲಿಕುರ್ಚಿ ಅದರಡಿಗೆ ನುಗ್ಗುವಷ್ಟು ತಗ್ಗಿಸಿದಳು. ಕಾಜ, ಗುಂಡಿಯ ಕೆಲಸಕ್ಕಿದ್ದ ಹಳೆಯ ಹೆಂಗಸು ರಾತ್ರಿ ಅಲ್ಲೇ ಮಲಗಿ, ಹಾಸಿದ ಬಟ್ಟೆ ಜಗ್ಗಿ ಇವಳನ್ನು ಮಗ್ಗುಲು ತಿರುಗಿಸುತ್ತಿದ್ದಳು. ಆದರೆ ಬೆಳಿಗ್ಗೆ ಎತ್ತಬೇಕಲ್ಲ? ಕತ್ತರಿಯಕ್ಕ ಎಂಬತ್ತೆರಡು ಕಿಲೋ. ಕಾಜದವಳು ನಲವತ್ತೂ ಇರಲಿಲ್ಲ.

ಮನೆಗೆ ಆಯಾಗಳನ್ನು ಕಳಿಸುವ ಏಜೆನ್ಸಿಗೆ ಫೋನ್ ಹೋಯಿತು. ಮೊದಲು ಬಂದವಳು ಒಳ್ಳೆಯ ಹೆಂಗಸು, ಕಡ್ಡಿಯಂಥವಳು. ಮೂರನೆಯ ದಿನ ಇಬ್ಬರೂ ಒಟ್ಟಿಗೆ ಬಚ್ಚಲಲ್ಲಿ ಕುಸಿದು, ಕಾಜದವಳು ಬರುವವರೆಗೆ ಒದ್ದೆ ನೆಲದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂತಿದ್ದರು. ಎರಡನೆಯವಳಿಗೆ ಕಸುವಿತ್ತು, ಬಾಯಿಗೆ ಬೇಲಿ ಇರಲಿಲ್ಲ. 'ನಮ್ಮ ಪುಟ್ಟಮ್ಮ ಇವತ್ತು ಚೆನ್ನಾಗಿ ಕಕ್ಕ ಮಾಡಿದಾಳೆ' ಎಂದು ಸೂಟಿನ ಟ್ರಯಲ್‌ಗೆ ಬಂದ ಗಿರಾಕಿಯ ಮುಂದೆಯೇ ಹೇಳಿದಳು. ಅವತ್ತೇ ಅವಳ ಚಪ್ಪಲಿ ಹೊರಗೆ ಹೋಯಿತು, ಹಿಂದೆಯೇ ಅವಳೂ. ಮೂರನೆಯವಳು ನಿಜಕ್ಕೂ ಬಂಗಾರ. ಆದರೆ ಮೂರು ವಾರಕ್ಕೆ ಅವಳ ಬೆನ್ನೇ ಹಿಡಿದುಕೊಂಡಿತು. ಹೋಗುವಾಗ ಅವಳೇ ಹೇಳಿದಳು: "ಅಕ್ಕಾ, ನನ್ನಂಥೋರು ಇಬ್ಬರು ಬೇಕು ನಿಮಗೆ. ಇಲ್ಲಾಂದ್ರೆ ಒಬ್ಬ ಗಂಡಸು. ನಾನು ಮೊದ್ಲಿದ್ದ ಆಸ್ಪತ್ರೆಯಲ್ಲಿ ಒಬ್ರಿದ್ರು, ಈಗ ಕೆಲಸ ಬಿಟ್ಟಿದಾರೆ. ಕಳಿಸ್ಲಾ?"

ಅಷ್ಟು ಹೊತ್ತಿಗೆ ಎತ್ತುವ ಬದಲು ಎಳೆದೂ ಎಳೆದೂ ಕತ್ತರಿಯಕ್ಕನ ಬೆನ್ನ ಬುಡದಲ್ಲಿ ಕೋಟಿನ ಗುಂಡಿಯಷ್ಟಗಲ ಹುಣ್ಣಾಗಿತ್ತು. ಅದು ಒಳಗೆ ಇಳಿದರೆ ಆರು ತಿಂಗಳು ಬೋರಲು ಮಲಗಬೇಕು, ಕುರ್ಚಿಯ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಕುರ್ಚಿ ಇಲ್ಲವೆಂದರೆ ಮೇಜಿಲ್ಲ, ಮೇಜಿಲ್ಲವೆಂದರೆ ಅಂಗಡಿಯಿಲ್ಲ, ಅಂಗಡಿಯಿಲ್ಲವೆಂದರೆ ಅಣ್ಣನ ಹಿಂದಿನ ಕೋಣೆಯೇ ಗತಿ. ಆ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುತ್ತಿತ್ತು.

ಆದರೂ ಒಂದು ಮಾತು ಇರಲಿ ಎಂದು ಏಜೆನ್ಸಿಯವರನ್ನು ಕೇಳಿದಳು. ಅಲ್ಲಿಯವನು ಗಾಬರಿಬಿದ್ದ. "ಹೆಂಗಸ್ರಿಗೆ ಗಂಡಸ್ರನ್ನ ಕಳಿಸಲ್ಲ ಮೇಡಂ. ರೂಲ್ಸು."

"ಗಂಡಸ್ರಿಗೆ ಹೆಂಗಸ್ರನ್ನ ಕಳಿಸ್ತೀರಾ?"

"ಹ್ಞಾ, ಅದು ಕಳಿಸ್ತೀವಿ."

"ಆಗ ರೂಲ್ಸಿಗೆ ರಜಾನಾ?" ಎಂದು ಫೋನ್ ಇಟ್ಟಳು.

ಕೊನೆಗೆ ಮೂರನೆಯವಳು ಹೇಳಿಕಳಿಸಿ ಬಂದ ಮನುಷ್ಯನಿಗೆ ನಲವತ್ತೈದರ ಆಸುಪಾಸು. ಮನೆ ಸಾಮಾನು ಸಾಗಿಸುವ ಲಾರಿಯಲ್ಲಿ ಹತ್ತು ವರ್ಷ, ಆಸ್ಪತ್ರೆಯ ವಾರ್ಡಿನಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದ್ದ. ಮನೆಯಲ್ಲಿ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಬಂದವನೇ ಕೈ ತೊಳೆದ. ಬಚ್ಚಲ ಬಾಗಿಲ ಅಗಲವನ್ನು ಗೇಣಿನಲ್ಲಿ ಅಳೆದ. ಆಮೇಲೆ ಅವಳ ಮುಂದೆ ಮೊಣಕಾಲೂರಿ ಕೂತು, "ನಿಮಗೆ ಹೇಗೆ ಎತ್ತಿದ್ರೆ ಹಿತ ಅಕ್ಕಾ?" ಎಂದು ಕೇಳಿದ.

ಬಿದ್ದಾಗಿನಿಂದ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಡಾಕ್ಟರು ಕೇಳಿರಲಿಲ್ಲ, ಅಣ್ಣ ಕೇಳಿರಲಿಲ್ಲ. ಕರಗಿದ್ದು ಕಾಣದಿರಲೆಂದು ರೇಗಿದಳು. "ನೀವು ಬೀರು ಎತ್ತಿದೋರು, ನಿಮಗೇ ಗೊತ್ತಿರಬೇಕಲ್ಲ!"

"ಬೀರು ಎತ್ತೋವಾಗ ಮೊದ್ಲು ಅದರ ಬಾಗಿಲಿಗೆ ಬೀಗ ಹಾಕ್ತೀವಿ ಅಕ್ಕಾ."

"ನನ್ನ ಬಾಯಿಗೆ ಬೀಗ ಹಾಕೋಕಾಗಲ್ಲ. ಉಳಿದದ್ದು ನೋಡೋಣ."

ತನ್ನ ಪದ್ಧತಿಯನ್ನು ಅವನಿಗೆ ಕಲಿಸಿದಳು. ಮೊದಲು ಜಾಗದ ಹೆಸರು, ಆಮೇಲೆ ಕೈ. 'ಭುಜ,' ಎಂದು ಆತ ಹೇಳಬೇಕು. 'ಹ್ಞೂ,' ಎಂದು ಇವಳು ಹೇಳಿದ ಮೇಲೆ ಮುಟ್ಟಬೇಕು. ಒಂದು ತಿಂಗಳು ಕಾಜದವಳು ಮುಂದೆ ಅಂಗಡಿಯಲ್ಲಿ ಕಿವಿ ತೆರೆದು ಕೂತಿರಬೇಕು. ಕತ್ತರಿಯಕ್ಕನ ಕೈಯಳತೆಯಲ್ಲಿ ಕರೆಗಂಟೆ, ಜೇಬಿನಲ್ಲಿ ಫೋನು ಇರಬೇಕು. ಈ ಷರತ್ತುಗಳನ್ನೆಲ್ಲ ಅವನೆದುರೇ ಹೇಳಿದಳು. ಆತ ಬೇಜಾರು ಮಾಡಿಕೊಳ್ಳಲಿಲ್ಲ. "ನನ್ನ ಮಗಳಾಗಿದ್ರೆ ನಾನೂ ಇದನ್ನೇ ಕೇಳ್ತಿದ್ದೆ," ಎಂದ.

ಅಂಗಿಯೊಂದನ್ನು ಅವಳೇ ಹೊಲಿದುಕೊಂಡಳು. ಅದು ಮುಂದೆ ಹಿಂದೆ ಸೇರಿ ಒಂಬತ್ತು ತುಂಡು. ಪ್ರತಿ ತುಂಡಿಗೂ ಬೇರೆ ಬೇರೆ ಲಾಡಿ. ತೋಳು ತೊಳೆಯುವಾಗ ತೋಳಿನದು ಮಾತ್ರ ಬಿಚ್ಚುವುದು, ಒರೆಸಿ ಕಟ್ಟಿದ ಮೇಲೆ ಬೆನ್ನಿನದು. ಕಿಟಕಿ ಅಂಗಿ ಎಂದು ಹೆಸರಿಟ್ಟಳು. ಎಷ್ಟು ಕಿಟಕಿ ಇದ್ದರೇನು, ಮೊದಲ ದಿನ ಸ್ನಾನದಲ್ಲಿ ಟವೆಲನ್ನು ಮುಖದ ಮೇಲೆಳೆದುಕೊಂಡು ಅತ್ತುಬಿಟ್ಟಳು. ಆತ ನೀರು ನಿಲ್ಲಿಸಿ ಗೋಡೆ ಕಡೆ ತಿರುಗಿ ನಿಂತ. ಸಾಕಾಗುವಷ್ಟು ಅತ್ತ ಮೇಲೆ ಅವಳೇ ಹೇಳಿದಳು, "ಹ್ಞೂ, ಬೆನ್ನು." ನಾಚಿಕೆ ಒಂದು ವಾರ ಇತ್ತು. ಅದೂ ಎಷ್ಟು ದಿನ ಅಂತ ಇದ್ದೀತು? ಹುಣ್ಣು ಎರಡು ತಿಂಗಳಲ್ಲಿ ಮಾಯಿತು. ಬೆಳಿಗ್ಗೆ ಎಂಟಕ್ಕೆ ಆತ ಕೀಲಿ ತಿರುಗಿಸಿ ಬಂದರೆ ಒಂಬತ್ತೂವರೆಗೆ ಕತ್ತರಿಯಕ್ಕ ಕಟಿಂಗ್ ಮೇಜಿನ ಮುಂದೆ ಇರುತ್ತಿದ್ದಳು.

ಇಷ್ಟಾದ ಮೇಲೆ ಬೀದಿ ಸುಮ್ಮನಿರುತ್ತದೆಯೇ? ನಾಲಿಗೆಗೆ ಎಲುಬಿಲ್ಲ. ಗಂಡು ಆಯಾ ಎಂಬ ಹೆಸರಿಟ್ಟವಳು ಎದುರಿನ ಪುಸ್ತಕದಂಗಡಿಯಾಕೆ. ಪಾಪ, ಆತ ಆ ಹೆಸರು ಕೇಳಿದ ದಿನ ತಲೆ ತಗ್ಗಿಸಿಕೊಂಡು ಬಂದ. ಕತ್ತರಿಯಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾರನೆಯ ದಿನದಿಂದ, "ನಮ್ಮ ಗಂಡು ಆಯಾ ಬಂದು ನನ್ನನ್ನ ಕೂರಿಸೋವರೆಗೆ ಅಂಗಡಿ ತೆರೆಯಲ್ಲ, ಒಂಬತ್ತೂವರೆ ಮೇಲೆ ಬನ್ನಿ," ಎಂದು ಫೋನಿನಲ್ಲಿ ಗಿರಾಕಿಗಳಿಗೆಲ್ಲ ತಾನೇ ಹೇಳತೊಡಗಿದಳು. ಗುಟ್ಟಿದ್ದರೆ ತಾನೇ ಪಿಸುಗುಡುವುದು? ಬೀದಿಯ ಅರ್ಧ ರುಚಿ ಅಲ್ಲಿಗೇ ಕೆಟ್ಟಿತು.

ಅಣ್ಣನಿಗೆ ಮಾತ್ರ ಸಮಾಧಾನವಾಗಲಿಲ್ಲ. ಅಣ್ಣ ಕೆಟ್ಟವನಲ್ಲ. ತಂಗಿ ಆಸ್ಪತ್ರೆಯಲ್ಲಿದ್ದಾಗ ದಿನಾ ಹೋಗಿ ಕೂತವನೇ. ಆದರೆ ಜನ ಏನಂತಾರೆ ಎನ್ನುವ ಪ್ರಶ್ನೆಯ ಮುಂದೆ ಅವನಿಗೆ ಬೇರೆ ಪ್ರಶ್ನೆಗಳು ಕಾಣುತ್ತಿರಲಿಲ್ಲ. ಒಂದು ಸಂಜೆ ಅತ್ತಿಗೆಯನ್ನೂ ಕರೆದುಕೊಂಡು ಬಂದ.

"ಇದೇನು ತಂಗಿ ಇದು? ಬೀದಿಯಲ್ಲಿ ನಾನು ತಲೆ ಎತ್ತೋ ಹಾಗಿಲ್ಲ."

"ನೀನು ತಲೆ ಎತ್ತೋದಿರಲಿ ಅಣ್ಣ, ಬೆಳಿಗ್ಗೆ ನನ್ನನ್ನ ಎತ್ತೋರು ಬೇಕಲ್ಲ."

"ತಮಾಷೆ ಬೇಡ. ಪರಗಂಡಸು ಸ್ನಾನ ಮಾಡಿಸ್ತಾನೆ ಅಂದ್ರೆ ಏನು ಮರ್ಯಾದೆ?"

"ಮೂವತ್ತು ವರ್ಷ ಪರಗಂಡಸ್ರ ಒಳಗಾಲು ಅಳೆದಿದೀನಿ. ನಿನ್ನ ಮದುವೆ ಸೂಟಿಗೂ ನಾನೇ ಅಳತೆ ತೆಗ್ದಿದ್ದು, ನಿನ್ನ ಮಾವನ ಮನೆಯೋರಿಗೆಲ್ಲ ನಾನೇ. ಆಗ ಯಾರ ಮರ್ಯಾದೆ ಹೋಯ್ತು?"

"ಅದು ಕಸುಬು."

"ಇದೂ ಕಸುಬೇ. ಅವರದ್ದು."

"ಅದು ಬೇರೆ, ಇದು ಬೇರೆ."

"ಹೇಗೆ ಬೇರೆ, ಹೇಳು."

ಅಣ್ಣ ಅತ್ತಿಗೆಯ ಕಡೆ ತಿರುಗಿದ. ಅತ್ತಿಗೆ ಮೆಲ್ಲಗೆ ಬಾಯಿಬಿಟ್ಟಳು. "ಹಾಗಲ್ಲ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಆ ಭಯ ನನಗೂ ಇತ್ತು ಅತ್ತಿಗೆ. ಅದಕ್ಕೇ ಗಂಟೆ ಇಟ್ಕೊಂಡೆ, ಫೋನ್ ಇಟ್ಕೊಂಡೆ, ತಿಂಗಳುಗಟ್ಟಲೆ ನೋಡಿದೆ. ಹೆಂಗಸು ಅಂತ ಕಣ್ಣುಮುಚ್ಚಿ ನಂಬಿ ನೆಲಕ್ಕೆ ಬಿದ್ದಿದೀನಿ. ಗಂಡಸು ಅಂತ ಕಣ್ಣುಮುಚ್ಚಿ ಹೆದರ್ಕೊಂಡು ಕೂರ್ಲಾ?"

ಅಣ್ಣ ಎದ್ದುಹೋದ. ಬಾಗಿಲಲ್ಲಿ ತಿರುಗಿ, "ಇದಕ್ಕೆ ಏನ್ ಮಾಡ್ಬೇಕು ಅಂತ ನನಗೆ ಗೊತ್ತು," ಎಂದ. ಕತ್ತರಿಯಕ್ಕ ಅದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ಅವಳ ತಪ್ಪು.

ಮುಂದಿನ ಭಾನುವಾರ ಕಾಜದವಳು ಬೆಳಗಾಗುತ್ತಲೇ ಮಗಳ ಮನೆಗೆ ಹೋಗಿದ್ದಳು. ಎಂಟಾಯಿತು, ಎಂಟೂಕಾಲಾಯಿತು, ಆಯಾ ಬರಲಿಲ್ಲ. ನಾಲ್ಕು ತಿಂಗಳಲ್ಲಿ ಒಂದು ದಿನವೂ ತಡಮಾಡಿದವನಲ್ಲ. ಎಂಟೂವರೆಗೆ ಕೀಲಿ ತಿರುಗಿತು. "ಏನಾಯ್ತು ಇವತ್ತು? ಬಸ್ ಸಿಗ್ಲಿಲ್ವಾ?" ಎಂದು ಹಾಸಿಗೆಯಿಂದಲೇ ಕೂಗಿದಳು. ಒಳಗೆ ಬಂದದ್ದು ಅಣ್ಣ. ಹಿಂದೆ ಅತ್ತಿಗೆ, ಕೈಗವಸು ಹಾಕಿದ ಒಬ್ಬ ಹೆಂಗಸು, ಅವರ ಹಿಂದೆ ವ್ಯಾನಿನ ಡ್ರೈವರು. ಅಣ್ಣನ ಬೆರಳಲ್ಲಿ ಕೀಲಿ ನೇತಾಡುತ್ತಿತ್ತು. ಅದಕ್ಕೆ ಕೋಟಿನ ಅಸ್ತರಿನ ನೀಲಿ ಚಿಂದಿ ಕಟ್ಟಿತ್ತು. ಅದನ್ನು ಕಟ್ಟಿ ಆಯಾನಿಗೆ ಕೊಟ್ಟವಳು ಇವಳೇ.

"ಅದು ನಿನ್ನ ಕೈಗೆ ಹೇಗೆ ಬಂತು?"

"ನಿನ್ನೆ ಬಸ್ ಸ್ಟಾಪಲ್ಲಿ ಇಸ್ಕೊಂಡೆ. ಇನ್ನೊಂದ್ಸಲ ಈ ಮೆಟ್ಟಿಲು ಹತ್ತಿದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂದೆ. ಹೆಂಡ್ತಿ ಮಕ್ಕಳಿರೋ ಮನುಷ್ಯ, ಅರ್ಥ ಮಾಡ್ಕೊಂಡ." ಅಣ್ಣ ಹಾಸಿಗೆಯ ಬಳಿ ಬಂದು ದನಿ ತಗ್ಗಿಸಿದ. "ನಡಿ ತಂಗಿ, ಮನೆಗೆ ಹೋಗೋಣ. ಕೋಣೆಗೆ ಬಣ್ಣ ಹೊಡೆಸಿದೀನಿ. ಇವರು ಅಲ್ಲೇ ಇದ್ದು ನೋಡ್ಕೋತಾರೆ."

"ಅಲ್ಲಿ ಕಟಿಂಗ್ ಮೇಜು ಹಿಡಿಯುತ್ತಾ?"

"ಇನ್ನೇನು ಕಟಿಂಗು? ದುಡಿದದ್ದು ಸಾಕು."

ಸಾಕು ಎಂಬ ಆ ಒಂದು ಮಾತಿಗೆ ಅವಳ ಮೈ ಉರಿದುಹೋಯಿತು. ಉಸಿರಾಡಿದ್ದು ಸಾಕು ಎಂದಿದ್ದರೂ ಅಷ್ಟು ಉರಿಯುತ್ತಿರಲಿಲ್ಲವೇನೋ. ಬಾಯಿ ತೆರೆಯುವಷ್ಟರಲ್ಲಿ ಕೈಗವಸಿನ ಹೆಂಗಸು ಅವಳ ಕಂಕುಳಿಗೆ ಕೈಹಾಕಿ ಎಳೆದಳು. ಕೇಳಲಿಲ್ಲ, ಹೇಳಲಿಲ್ಲ. ಮೈ ಹಾಸಿಗೆಯ ಮೇಲೆ ಒಂದು ಗೇಣು ಉಜ್ಜಿಕೊಂಡು ಹೋಯಿತು. ಕಿಟಕಿ ಅಂಗಿಯ ಎರಡು ಲಾಡಿ ಬಿಚ್ಚಿಕೊಂಡವು. ಇನ್ನೊಂದು ಸಲ ಎಳೆದು ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದು ಒಬ್ಬಳ ಕೈಲಾಗಲ್ಲ ಸರ್. ಗಂಡಸ್ರು ಬೇಕು."

ತಾನು ಹೇಳಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ. ಕೇಳಿಸಿಕೊಂಡ ಅಣ್ಣನಿಗೂ ಗೊತ್ತಾಗಲಿಲ್ಲ. "ಡ್ರೈವರ್, ಸ್ವಲ್ಪ ಬಾಪ್ಪಾ," ಎಂದು ಕರೆದ. "ನೀನು ಕಾಲು ಹಿಡ್ಕೋ, ನಾನು ತೋಳು ಹಿಡ್ಕೋತೀನಿ." ಡ್ರೈವರು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ಬಗ್ಗಿದ.

"ಮುಟ್ಟಬೇಡಿ!"

ಎದುರಿನ ಪುಸ್ತಕದಂಗಡಿಗೂ ಕೇಳುವಂಥ ಕೂಗು. ಡ್ರೈವರು ಬಗ್ಗಿದವನು ಬಗ್ಗಿದಂತೆಯೇ ನಿಂತ.

"ಅಣ್ಣ, ಇವರು ಯಾರು?"

"ಡ್ರೈವರು."

"ಗಂಡಸೋ, ಹೆಂಗಸೋ?"

"ಎರಡು ನಿಮಿಷದ ಕೆಲಸ ತಂಗಿ, ವ್ಯಾನಿಗೆ ಹತ್ತಿಸೋದಷ್ಟೇ..."

"ಇವರ ಹೆಸರು ಗೊತ್ತಾ ನಿನಗೆ? ಗೊತ್ತಿಲ್ಲ. ಹೆಸರೇ ಗೊತ್ತಿಲ್ಲದ ಗಂಡಸು ಲಾಡಿ ಬಿಚ್ಚಿಹೋಗಿರೋ ನನ್ನ ಕಾಲು ಹಿಡೀಬಹುದು. ಯಾಕೆ? ನೀನು ಕರೆದಿದ್ದು. ನಾಲ್ಕು ತಿಂಗಳು ಕೇಳಿ ಕೇಳಿ ಮುಟ್ಟಿದ ಮನುಷ್ಯ ಈ ಮೆಟ್ಟಿಲು ಹತ್ತೋ ಹಾಗಿಲ್ಲ. ಯಾಕೆ? ನಾನು ಕರೆದಿದ್ದು. ಗಂಡಸು ಮುಟ್ಟಿದ್ರೆ ನಿನ್ನ ಮರ್ಯಾದೆ ಹೋಗಲ್ಲ ಅಣ್ಣ. ನಾನು ಆರಿಸಿದ್ರೆ ಹೋಗುತ್ತೆ."

ಮೊದಲು ಅರ್ಥವಾದದ್ದು ಡ್ರೈವರಿಗೆ. "ತಪ್ಪಾಯ್ತು ಅಕ್ಕಾ. ನೀವು ಬೇಡ ಅಂದ್ಮೇಲೆ ನಾನು ಕೈ ಹಾಕಲ್ಲ," ಎಂದು ಹೊರಗೆ ಹೋಗಿ ವ್ಯಾನಿನಲ್ಲಿ ಕೂತ. ಕೈಗವಸಿನ ಹೆಂಗಸೂ ಕೈಗವಸು ಕಳಚಿ ಅವನ ಹಿಂದೆಯೇ ಹೋದಳು.

ಅಣ್ಣನ ಮುಖ ಕೆಂಪಾಯಿತು. "ಹಾಗಾದ್ರೆ ಏನು, ಇಲ್ಲೇ ಬಿದ್ದಿರ್ತೀಯಾ?"

"ಬಿದ್ದಿರ್ತೀನಿ. ಇದು ನನ್ನ ಹಾಸಿಗೆ."

ಜೇಬಿನಿಂದ ಫೋನು ತೆಗೆದಳು. ಆಯಾನ ನಂಬರು ಒತ್ತಿದಳು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದಳು.

"ಅಕ್ಕಾ..." ಆಯಾನ ದನಿ ಸಣ್ಣದಾಗಿತ್ತು. "ಅಣ್ಣೋರು ಪೊಲೀಸ್ ಅಂದ್ರು. ಮಗಳ ಪರೀಕ್ಷೆ ಇದೆ ಅಕ್ಕಾ, ನನ್ನಿಂದ ಅವಳಿಗೆ..."

"ಪೊಲೀಸ್ನೋರು ಬಂದ್ರೆ ಯಾರನ್ನ ಕೇಳ್ತಾರೆ? ಮುಟ್ಟಿಸ್ಕೊಂಡೋಳನ್ನ ತಾನೇ? ನನ್ನ ಬಾಯಿ ಇನ್ನೂ ಗಟ್ಟಿಯಾಗಿದೆ. ಏನು ಬರೆಸ್ಬೇಕೋ ನಾನು ಬರೆಸ್ತೀನಿ. ಬರೋದು ಬಿಡೋದು ನಿಮ್ಮಿಷ್ಟ, ಬಲವಂತ ಇಲ್ಲ. ಬರಲ್ಲ ಅಂದ್ರೆ ಇನ್ನೊಬ್ಬರನ್ನ ಹುಡುಕ್ತೀನಿ. ಗಂಡಸೋ ಹೆಂಗಸೋ, ಹುಡುಕೋಳು ನಾನೇ."

ಆ ಕಡೆ ಒಬ್ಬ ಹೆಂಗಸಿನ ದನಿ, ಬಹುಶಃ ಹೆಂಡತಿಯದು, ಗದರಿದ್ದು ಕೇಳಿಸಿತು: "ತಪ್ಪು ಮಾಡಿದೋರ ಹಾಗೆ ಯಾಕ್ರೀ ಕೂತಿದೀರಿ? ಏಳಿ, ಹೋಗಿ."

ಆತ ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಣ್ಣ ಕಿಟಕಿಯಿಂದ ಬೀದಿ ನೋಡುತ್ತ ನಿಂತಿದ್ದ. ಅತ್ತಿಗೆ ಹಾಸಿಗೆಯ ಅಂಚಿಗೆ ಬಂದು, ಬಿಚ್ಚಿದ ಲಾಡಿಗಳತ್ತ ಕೈಚಾಚಿದವಳು ತಡೆದು, "ಕಟ್ಲಾ?" ಎಂದು ಕೇಳಿದಳು. "ಹ್ಞೂ ಅತ್ತಿಗೆ," ಎಂದಳು ಕತ್ತರಿಯಕ್ಕ. ಅತ್ತಿಗೆ ಎರಡನ್ನೂ ಕಟ್ಟಿ, ಆ ಒಂಬತ್ತು ತುಂಡನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು.

ಆಯಾ ಬಂದು ಹೊಸಿಲಾಚೆ ನಿಂತ. ಅಣ್ಣನಿದ್ದಾನೆಂದು ಒಳಗೆ ಕಾಲಿಡಲಿಲ್ಲ. ಕತ್ತರಿಯಕ್ಕ ಕರೆದ ಮೇಲೆ ಬಂದ, ಕೈ ತೊಳೆದ. "ಭುಜ," ಎಂದ. "ಹ್ಞೂ." "ಮಂಡಿ ಕೆಳಗೆ." "ಹ್ಞೂ." "ಎತ್ತುತೀನಿ." ಎಂಬತ್ತೆರಡು ಕಿಲೋ ಹಾಸಿಗೆಯಿಂದ ಮೇಲೆದ್ದು, ಎಲ್ಲೂ ತಾಗದೆ, ಎಲ್ಲೂ ಉಜ್ಜದೆ, ಕುರ್ಚಿಗೆ ಬಂದು ಕೂತಿತು. ಅಣ್ಣ ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಅಲ್ಲಿಯವರೆಗೆ ಅವನು ಕಂಡಿದ್ದೆಲ್ಲ ಕಿವಿಯಿಂದ.

"ಕೀಲಿ," ಎಂದಳು ಕತ್ತರಿಯಕ್ಕ.

ಅಣ್ಣ ಅದನ್ನು ಕಟಿಂಗ್ ಮೇಜಿನ ಮೇಲಿಡಲು ಹೋದ.

"ಅಲ್ಲಲ್ಲ. ಯಾರಿಂದ ಇಸ್ಕೊಂಡೆಯೋ ಅವರ ಕೈಗೆ."

ಅಣ್ಣ ಕೊಟ್ಟ. ಮುಖ ನೋಡಲಿಲ್ಲ, ಆದರೆ ಕೊಟ್ಟ. ಆಮೇಲೆ ಗಂಟಲು ಸರಿಮಾಡಿಕೊಂಡು, "ಅಂದ್ರೆ ನಾನಿನ್ನು ಈ ಕಡೆ ಬರೋದೇ ಬೇಡ್ವಾ?" ಎಂದು ಕೇಳಿದ. ಚಿಕ್ಕಂದಿನಲ್ಲಿ ಆಟದಲ್ಲಿ ಸೋತಾಗಿನ ಅದೇ ದನಿ. ಅವಳಿಗೆ ಕರುಳು ಚುರುಕ್ ಎಂದದ್ದು ಸುಳ್ಳಲ್ಲ, ಆದರೂ ಸೋಲಲಿಲ್ಲ.

"ಬಾ. ನನ್ನ ಅಣ್ಣ ನೀನು, ಬರದೆ ಇರ್ತೀಯಾ? ಬಾಗಿಲು ತಟ್ಟಿ ಬಾ."

ಮೂರು ವಾರ ಅಣ್ಣ ಮುನಿಸಿಕೊಂಡಿದ್ದ. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಒಂಬತ್ತಕ್ಕೆ ಬಂದು ಬಾಗಿಲು ತಟ್ಟಿದ. ಬಚ್ಚಲಿನಿಂದ ಕತ್ತರಿಯಕ್ಕನ ದನಿ ಕೇಳಿಸಿತು: "ಯಾರು? ಅಣ್ಣನಾ? ಸ್ನಾನ ಆಗ್ತಿದೆ, ಹತ್ತು ನಿಮಿಷ ಕೂತಿರು!" ಅವನು ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತ. ಬೀದಿ ಆಗಲೇ ತೆರೆದುಕೊಂಡಿತ್ತು. ಹೋಗುವವರು ಬರುವವರೆಲ್ಲ ಅವನನ್ನು ನೋಡಿಯೇ ಹೋಗುತ್ತಿದ್ದರು. ಎದುರಿನ ಪುಸ್ತಕದಂಗಡಿಯಾಕೆ ಪೊರಕೆ ಹಿಡಿದು ಹೊರಗೆ ಬಂದಳು.

"ಏನ್ರೀ, ಸ್ವಂತ ತಂಗಿ ಮನೆ ಮುಂದೆ ಹೊರಗೇ ಕೂತಿದೀರಲ್ಲ?"

"ತಂಗಿ ಸ್ನಾನ ಆಗ್ತಿದೆ."

"ಓಹೋ. ಯಾರು ಮಾಡಿಸ್ತಿದಾರೆ?" ಎಂದಳು ಆಕೆ, ಗೊತ್ತಿಲ್ಲದವಳ ಹಾಗೆ.

ಅಣ್ಣನ ಕಿವಿ ಕೆಂಪಾಯಿತು.

"ಅವಳು ಯಾರು ಬೇಕು ಅಂದ್ಲೋ ಅವರು," ಎಂದ, ಆಚೆಯ ಎರಡು ಅಂಗಡಿಗೂ ಕೇಳುವ ಹಾಗೆ. ಆಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು, ಬಾಗಿಲು ತೆರೆಯುವವರೆಗೂ ಅಲ್ಲೇ ಕೂತಿದ್ದ.